ಪದಚರ್ಚೆ: ಜಿ-ಕ್ವಾಡ್ರುಪ್ಲೆಕ್ಸ್‌ಗೆ ‘ಅಟ್ಟೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಒಂದು ಪ್ರಶ್ನೆ. ಪಿಯುಸಿ ಮಕ್ಕಳಿಗಾಗಿ ವೈರಸ್ ಮದ್ದುಗಳ ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ. ಜಿ-ಕ್ವಾಡ್ರುಪ್ಲೆಕ್ಸ್ ಅನ್ನುವಲ್ಲಿ ಬಂದು ನಿಂತಿದೆ. ಸಾಲು ಸಾಲಿಗೂ ಅಷ್ಟುದ್ದದ ಹೆಸರು ಬಂದರೆ ಮಕ್ಕಳು ಸುಮ್ನೆ ಪುಟ ಮಗುಚಿಬಿಡುತ್ತಾರೆ, ಅಲ್ವಾ?

ಇದು ಏನು ಅಂತ ಮೊದಲು ಹೇಳುತ್ತೇನೆ. ಡಿಎನ್‌ಎ, ಆರ್‌ಎನ್‌ಎ ಎಳೆಯಲ್ಲಿ ಬರುವ ನಾಲ್ಕು ಬಗೆಯ ಬೇಸ್‌ಗಳಲ್ಲಿ (ಎಳೆಯ ಬಿಡಿ ಅಕ್ಷರಗಳು ಅನ್ನಿ) ಜಿ ಅಂದರೆ ಗ್ವಾನಿನ್. ಈ ಜಿಗಳು ಎರಡೋ ಮೂರೋ ಒಟ್ಟಿಗೆ, ಹಾಗೆ ನಾಲ್ಕು ಕಡೆ, ನಡುವೆ ಸ್ವಲ್ಪ ಸ್ವಲ್ಪ ಜಾಗ ಬಿಟ್ಟು ಬಂದರೆ ಎಳೆ ತನ್ನಷ್ಟಕ್ಕೇ ಮಡಚಿಕೊಳ್ಳಬಹುದು. ಒಂದೊಂದು ಗುಂಪಿನಿಂದ ಒಂದೊಂದು ಜಿ ಬಂದು ಸೇರಿ ಚಪ್ಪಟೆ ಚೌಕ ಆಗುತ್ತದೆ. ಅಂಥ ಎರಡು ಮೂರು ಚೌಕ ಒಂದರ ಮೇಲೊಂದು ಕೂರುತ್ತವೆ, ಮಧ್ಯದಲ್ಲಿ ಪೊಟ್ಯಾಶಿಯಂ ಅಯಾನು ಸೇರಿಕೊಂಡು ಎಲ್ಲವನ್ನೂ ಬಿಗಿಯಾಗಿ ಹಿಡಿಯುತ್ತದೆ. ಗ್ವಾನಿನ್ ಹೀಗೆ ನಾಲ್ಕು ನಾಲ್ಕಾಗಿ ಕೂಡುತ್ತದೆ ಅನ್ನುವುದು 1962ರಲ್ಲೇ ಎಕ್ಸ್-ರೇ ಅಧ್ಯಯನದಲ್ಲಿ ಕಂಡಿತ್ತು. ಅದನ್ನು ವೈರಸ್ ಮದ್ದಿನ ಗುರಿ ಅಂತ ನೋಡಿದ್ದು ಬಹಳ ಈಚೆಗೆ.

ವೈರಸ್ ಮದ್ದುಗಳಲ್ಲಿ ಜಾಸ್ತಿಯವು ವೈರಸ್ಸಿನ ಯಾವುದೋ ಪ್ರೋಟೀನನ್ನು ಹಿಡಿಯುತ್ತವೆ. ಇಲ್ಲಿ ಹಿಡಿಯಬೇಕಾದದ್ದು ವೈರಸ್ಸಿನ ಡಿಎನ್‌ಎ, ಆರ್‌ಎನ್‌ಎ ಎಳೆಯ ಮಡಿಕೆಯನ್ನೇ. ಎಚ್‌ಐವಿ ನಮ್ಮ ಕೋಶದ ಡಿಎನ್‌ಎ ಒಳಗೆ ಸೇರಿಕೊಂಡ ಮೇಲೆ, ಅದರ ಜೀನ್‌ಗಳನ್ನು ಚಾಲೂ ಮಾಡುವ ತುಣುಕಿನಲ್ಲಿ ಈ ಮಡಿಕೆ ಕಾಣಿಸುತ್ತದೆ. ಬ್ರಾಕೋ-19 ಎಂಬ ರಾಸಾಯನಿಕ ಅದಕ್ಕೆ ಅಂಟಿ ಬಿಗಿ ಮಾಡಿದರೆ ನಕಲು ತೆಗೆಯುವ ಕೆಲಸ ಕುಂಟುತ್ತದೆ, ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ವೈರಸ್ ಕಡಿಮೆಯಾಗುತ್ತದೆ. ಎಪ್‌ಸ್ಟೈನ್-ಬಾರ್ ವೈರಸ್ಸಿನದು ಇನ್ನೂ ಮಜಾ. ಅದರ ಒಂದು ಮುಖ್ಯ ಪ್ರೋಟೀನಿನ ಆರ್‌ಎನ್‌ಎಯಲ್ಲಿ ಇಂಥ ಮಡಿಕೆಗಳಿರುವುದರಿಂದ ಪ್ರೋಟೀನ್ ತಯಾರಿ ನಿಧಾನವಾಗುತ್ತದೆ. ಪ್ರೋಟೀನ್ ಕಡಿಮೆಯಿದ್ದಷ್ಟೂ ವೈರಸ್ ನಮ್ಮ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುವುದೂ ಕಡಿಮೆ.

ಈಗ ಪದಕ್ಕೆ ಬರೋಣ. ಮೊದಲು ಹೊಳೆದದ್ದು ‘ನಾಲ್ಮಡಿ’. ಓದುವವರಿಗೆ ಅದು ನಾಲ್ಕು ಪಟ್ಟು. ಸ್ವಲ್ಪ ತಿದ್ದಿ ‘ನಾಲ್ವಡಿ’ ಮಾಡಿದರೆ ಮೈಸೂರಿನ ಕೃಷ್ಣರಾಜ ಒಡೆಯರು ಬಂದು ನಿಲ್ಲುತ್ತಾರೆ. ಬರೀ ‘ಮಡಿ’ ಅಂದರೆ, ಅದೂ ರಥಬೀದಿಯ ಊರಿನಲ್ಲಿ ಕೂತು ಬರೆದರೆ, ಒದ್ದೆಬಟ್ಟೆಯ ಮಡಿ ಬಿಟ್ಟು ಬೇರೆ ನೆನಪಾಗುವುದುಂಟಾ? ‘ಚತುಷ್ಕ’ವೋ ‘ಚತುಸ್ತಂತು’ವೋ ಪಠ್ಯಪುಸ್ತಕದವರಿಗೆ ಇರಲಿ.

ನನಗೆ ಹಿಡಿಸಿದ್ದು ‘ಅಟ್ಟೆ’. ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯ ಲೆಕ್ಕ ಗೊತ್ತಲ್ಲ, ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಇಲ್ಲಿಯೂ ಜಿಗಳ ಒಂದೊಂದು ಗುಂಪು ಒಂದೊಂದು ಚೆಂಡು, ನಾಲ್ಕು ಸೇರಿ ಒಂದು ಜಿ-ಅಟ್ಟೆ. ಒಂದರ ಮೇಲೊಂದು ಪೇರಿಸಿದ್ದಕ್ಕೆ ‘ಅಟ್ಟಿ’ ಅನ್ನುವುದೂ ಉಂಟು, ಅದೂ ಕಿವಿಗೆ ಹತ್ತಿರವೇ. ಆದರೆ ಘಟ್ಟದ ಮೇಲೆ ಅಟ್ಟೆ ಅಂದರೆ ಚಪ್ಪಲಿಯ ಅಡಿ. ತಲೆಯಿಲ್ಲದ ಮುಂಡಕ್ಕೂ ಅಟ್ಟೆ ಅನ್ನುತ್ತಾರೆ. ಧಾರವಾಡದ ಹುಡುಗನಿಗೆ ಮಲ್ಲಿಗೆ ಹೊಳೆಯುತ್ತದೋ ಚಪ್ಪಲಿಯೋ?

ಆರ್‌ಎನ್‌ಎ ಎಳೆಯ ಬೇರೆ ಮಡಿಕೆಗಳಿಗೆ ಪಕ್ಕದ ಪದಗಳೂ ಇವೆ. ಹೇರ್‌ಪಿನ್ ಹಾಗೇ ಇರಲಿ, ಆಗುಂಬೆ ಘಾಟಿ ಹತ್ತುವವರಿಗೆ ಅದು ಕನ್ನಡವೇ. ಸ್ಯೂಡೋನಾಟ್ ಅನ್ನುವುದಕ್ಕೆ ‘ಹುಸಿಗಂಟು’ ಚೆನ್ನಾಗಿದೆ, ನನ್ನ ತಕರಾರಿಲ್ಲ. ಕೋವಿಡ್ ತರುವ ಕೊರೊನಾ ವೈರಸ್ಸಿನ ಸುಮಾರು 29,900 ಬೇಸ್‌ಗಳ ಆರ್‌ಎನ್‌ಎಯಲ್ಲಿ ಅಂಥದ್ದೊಂದು ಇದೆ. ಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಅಲ್ಲಿಗೆ ಬಂದು ತಡವರಿಸಿ ಒಂದು ಬೇಸ್ ಹಿಂದೆ ಜಾರುತ್ತದೆ, ಆ ಜಾರುವಿಕೆಯಿಂದಲೇ ಮುಂದಿನ ಪ್ರೋಟೀನುಗಳು ಸಿಗುತ್ತವೆ. ಈ ಗಂಟು ವೈರಸ್ಸಿಗೆ ಬೇಕೇ ಬೇಕು. ಹಾಗಾಗಿ ಮದ್ದು ಹುಡುಕುವವರು ಇಲ್ಲಿ ಗಂಟನ್ನು ಕೆಡಿಸಲು, ಆ ಜಾರುವಿಕೆಯ ಲಯ ತಪ್ಪಿಸಲು ನೋಡುತ್ತಾರೆ. ಅಟ್ಟೆಯ ವಿಷಯದಲ್ಲಿ ಹೆಚ್ಚಾಗಿ ಬಿಗಿ ಮಾಡುವುದೇ ಉಪಾಯ. ಎರಡಕ್ಕೂ ‘ಸ್ಥಿರೀಕರಣ’, ‘ಅಸ್ಥಿರೀಕರಣ’ ಅಂತ ಬರೆದವರಿದ್ದಾರೆ. ನನಗೆ ‘ಬಿಗಿಸು’, ‘ಸಡಿಲಿಸು’ ಸಾಕು ಅನ್ನಿಸುತ್ತದೆ. ಕ್ರಿಯಾಪದ ಸರಳವಾಗಿದ್ದರೆ ನಾಮಪದ ಸ್ವಲ್ಪ ಹೊಸದಾದರೂ ನಡೆಯುತ್ತದೆ.

ಇನ್ನೊಂದು ತೊಡಕು. ಅಟ್ಟೆ ವೈರಸ್ಸಿನ ಸ್ವತ್ತೇನೂ ಅಲ್ಲ. ನಮ್ಮ ಕ್ರೋಮೋಸೋಮುಗಳ ತುದಿಯಲ್ಲಿಯೂ ಜಿ ಜಾಸ್ತಿ, ಅಲ್ಲಿಯೂ ಇದೇ ಮಡಿಕೆ ಆಗುತ್ತದೆ. ನಮ್ಮದನ್ನು ಬಿಟ್ಟು ವೈರಸ್ಸಿನದನ್ನು ಮಾತ್ರ ಹಿಡಿಯುವ ಮದ್ದು ಬೇಕು, ಕಷ್ಟ ಇರುವುದು ಅಲ್ಲೇ. ಆದ್ದರಿಂದ ‘ವೈರಸ್ ಗಂಟು’ ಅಂತ ಹೆಸರಿಡುವುದಕ್ಕೆ ನಾನು ಒಪ್ಪುವುದಿಲ್ಲ, ಯಾರೋ ಹಾಗೆ ಸೂಚಿಸಿದ್ದರು.

ನನ್ನ ಪ್ರಶ್ನೆ ಎರಡೇ. ಘಟ್ಟದ ಮೇಲಿನವರು ‘ಜಿ-ಅಟ್ಟೆ’ ಅನ್ನುವುದನ್ನು ಮೊದಲ ಸಲ ಓದಿದಾಗ ಏನು ಅರ್ಥ ಮಾಡಿಕೊಳ್ಳುತ್ತೀರಿ, ಬೇರೆ ಯಾರನ್ನೂ ಕೇಳದೆ ಹೇಳಿ. ಎರಡನೆಯದು, ಹೂ ಕಟ್ಟುವವರಲ್ಲಿ, ನೇಯುವವರಲ್ಲಿ, ಬಲೆ ಹೆಣೆಯುವವರಲ್ಲಿ, ನಾಲ್ಕು ಎಳೆ ಒಟ್ಟಿಗೆ ಬಿಗಿದ ಗಂಟಿಗೆ ಬೇರೆ ಹೆಸರೇನಾದರೂ ಉಂಟಾ? ಮಲ್ಪೆ, ಗಂಗೊಳ್ಳಿ ಕಡೆಯವರು ಇದ್ದರೆ ದಯವಿಟ್ಟು ಬರೆಯಿರಿ, ತುಳು ಪದವಾದರೂ ಆದೀತು.