ಎರೆ ಭೂಮಿಯ ರಸ್ತೆ, ಮುಳುಗುವ ಸೇತುವೆ: ನಿಮ್ಮ ಪ್ರಶ್ನೆ, ಇಂಜಿನಿಯರ್ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಸರ್ವೀಸು ಹೆಚ್ಚಾಗಿ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲೇ ಆಯಿತು. ರಸ್ತೆ, ಸೇತುವೆ, ಸಿಗ್ನಲ್ ಬಗ್ಗೆ ಗುಂಪಿನವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಿ ಅಂತ ಅಡ್ಮಿನ್ ಹೇಳಿದ್ದಾರೆ. ಬಂದ ಹಾಗೆ ಬರೆಯುತ್ತಾ ಹೋಗುತ್ತೇನೆ.

ಪ್ರಶ್ನೆ (ಕಾರಟಗಿ ಕಡೆಯಿಂದ): ಸರ್, ನಮ್ಮೂರ ರಸ್ತೆಗೆ ಡಾಂಬರು ಹಾಕಿ ಇನ್ನೂ ಎರಡು ಮಳೆಗಾಲ ಕಳೆದಿಲ್ಲ. ಆಗಲೇ ಎರಡೂ ಅಂಚು ಕುಸಿದಿದೆ, ಉದ್ದಕ್ಕೆ ಬಿರುಕು ಬಿಟ್ಟಿದೆ. ಡಾಂಬರು ಕಡಿಮೆ ಹಾಕಿದ್ದಾರೆ ಅಂತ ಊರಲ್ಲೆಲ್ಲ ಮಾತು. ನಿಜಾನಾ?

ಉತ್ತರ: ಡಾಂಬರು ಕಡಿಮೆ ಆದರೆ ಮೇಲಿನ ಸಣ್ಣ ಕಡಿ ಬಿಡಿಬಿಡಿಯಾಗಿ ಕಿತ್ತು ಬರುತ್ತದೆ, ನಡೆದರೆ ಚಪ್ಪಲಿಗೆ ಸಿಗುತ್ತದೆ. ನೀವು ಹೇಳುತ್ತಿರುವ ಲಕ್ಷಣ ಬೇರೆ. ಅಂಚು ಕುಸಿದು ಉದ್ದಕ್ಕೆ ಬಿರುಕು ಬಂದಿದೆ ಅಂದರೆ ತೊಂದರೆ ಬಹುಪಾಲು ಕೆಳಗಿನ ಮಣ್ಣಿನದ್ದು.

ಎರೆ ಮಣ್ಣಿನ ಗುಣ ನಿಮಗೇ ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ತೂರಿಸಬಹುದು. ಮಣ್ಣಿನ ಗಟ್ಟಿತನ ನೋಡೋಕೆ ಸಿಬಿಆರ್ ಅನ್ನೋ ಪರೀಕ್ಷೆ ಇದೆ. ಮಣ್ಣನ್ನು ದಮ್ಮಸು ಮಾಡಿ, ನಾಲ್ಕು ದಿನ ನೀರಲ್ಲಿ ನೆನೆಸಿ, ಆಮೇಲೆ ಭಾರ ಕೊಟ್ಟು, ಒಳ್ಳೆ ಜಲ್ಲಿಗೆ ಹೋಲಿಸಿದರೆ ಶೇಕಡಾ ಎಷ್ಟು ತಡೆಯುತ್ತದೆ ಅಂತ ನೋಡುತ್ತಾರೆ. ಎರೆ ಮಣ್ಣಿಗೆ ಸಾಮಾನ್ಯವಾಗಿ ಶೇ. 2ರಿಂದ 4 ಬರುತ್ತದೆ. ಒಳ್ಳೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಶೇ. 10 ದಾಟುತ್ತದೆ. ಅಷ್ಟು ವ್ಯತ್ಯಾಸ.

ಕಾರಟಗಿ, ಗಂಗಾವತಿ, ಸಿಂಧನೂರು ಭಾಗದಲ್ಲಿ ಇದರ ಜೊತೆ ಇನ್ನೊಂದು ಸೇರಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇಲ್ಲಿ ಭತ್ತ ಬಂತು. ರಸ್ತೆಯ ಎರಡೂ ಕಡೆ ಗದ್ದೆ, ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು. ಎಷ್ಟೋ ಕಡೆ ರಸ್ತೆಯ ಏರಿಯೇ ಗದ್ದೆಯ ಬದು ಆಗಿಬಿಟ್ಟಿದೆ. ಆ ನೀರು ಪಕ್ಕದಿಂದ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಅಂಚಿನ ಮಣ್ಣು ನೆನೆದು ಉಬ್ಬುತ್ತದೆ, ನಡುವಿನ ಮಣ್ಣು ಒಣಗಿಯೇ ಇರುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಅಂಚು ಮೊದಲು ಒಣಗಿ ಕುಗ್ಗುತ್ತದೆ. ಹೀಗೆ ವರ್ಷ ವರ್ಷ ಎಳೆದಾಡಿದರೆ ಡಾಂಬರು ಎಷ್ಟೇ ಚೆನ್ನಾಗಿರಲಿ, ಉದ್ದಕ್ಕೆ ಸೀಳುತ್ತದೆ. ಸೀಳಿನಲ್ಲಿ ಮಳೆ ನೀರು ಇಳಿಯಿತು ಅಂದರೆ ಮುಂದಿನ ಲಾರಿಗೆ ಅಲ್ಲೊಂದು ತಗ್ಗು.

ಅವರದೇ ಮರುಪ್ರಶ್ನೆ: ಹಂಗಾದ್ರೆ ಮತ್ತೆ ಮತ್ತೆ ಡಾಂಬರು ಹಾಕಿದರೆ ಉಪಯೋಗ ಇಲ್ವಾ ಸರ್?

ಉತ್ತರ: ನೀರಿಗೆ ದಾರಿ ಮಾಡದೆ ಡಾಂಬರು ಹಾಕಿದರೆ ದುಡ್ಡು ದಂಡ. ಗ್ರಾಮಸಭೆಯಲ್ಲಿ, ಶಾಸಕರ ಹತ್ತಿರ ಎಲ್ಲರೂ "ಡಾಂಬರು ಹಾಕಿಸಿ" ಅಂತ ಕೇಳುತ್ತಾರೆ. ನಾನಾಗಿದ್ದರೆ ಮೊದಲು ಪಕ್ಕದ ಚರಂಡಿ ಕೇಳುತ್ತಿದ್ದೆ. ಗದ್ದೆಗೂ ರಸ್ತೆಗೂ ನಡುವೆ ಚರಂಡಿ ಬೇಕು, ಆ ಚರಂಡಿ ಯಾವುದಾದರೂ ಹಳ್ಳಕ್ಕೆ ಮುಟ್ಟಬೇಕು. ನಡುವೆಯೇ ನಿಂತ ಚರಂಡಿ ಅಂದರೆ ರಸ್ತೆ ಪಕ್ಕ ಒಂದು ಉದ್ದನೆ ಕೆರೆ ಕಟ್ಟಿದ ಹಾಗೆ.

ಹೊಸದಾಗಿ ಮಾಡುವಾಗ ಮೇಲಿನ ಎರೆ ಮಣ್ಣು ತೆಗೆದು ಗರಸಿನ ಪದರ ಕೊಡಬೇಕು. ಗರಸು ದೂರ ಇದ್ದರೆ ಎರೆ ಮಣ್ಣಿಗೇ ಸುಣ್ಣ ಬೆರೆಸಿ ಗಟ್ಟಿ ಮಾಡಬಹುದು. ಸುಣ್ಣ ಸೇರಿದ ಎರೆ ಮಣ್ಣು ಉಬ್ಬುವುದು ಬಹಳ ಕಡಿಮೆಯಾಗುತ್ತದೆ. ಕೆಲಸಕ್ಕೆ ಸರಿಯಾದ ಕಾಲ ಕಾಲುವೆ ನಿಂತ ಬೇಸಿಗೆ. ಗದ್ದೆಗೆ ನೀರು ಬಿಟ್ಟ ಮೇಲೆ ಒದ್ದೆ ಮಣ್ಣಿನ ಮೇಲೆ ರೋಲರ್ ಓಡಿಸಿದರೆ ಗಟ್ಟಿ ಆಗುವುದಿಲ್ಲ, ಹಿಟ್ಟಿನ ಹಾಗೆ ಪಕ್ಕಕ್ಕೆ ಜಾರುತ್ತದೆ.

ರೈತರಿಗೂ ಒಂದು ಮಾತು. ಪೈಪು ದಾಟಿಸೋಕೆ ರಾತ್ರೋರಾತ್ರಿ ರಸ್ತೆ ಕೊರೆಯುತ್ತಾರಲ್ಲ, ಕುಸಿತ ಶುರುವಾಗುವುದು ಅಲ್ಲಿಂದಲೇ. ಅರ್ಜಿ ಕೊಟ್ಟರೆ ಮೋರಿ ಮೂಲಕ ದಾಟಿಸಲು ಆಗುತ್ತದೆ. ದಯವಿಟ್ಟು ಕೊರೆಯಬೇಡಿ.

ಪ್ರಶ್ನೆ (ಸಿಂಧನೂರು): ಅಣ್ಣ, ಭತ್ತದ ಲಾರಿ, ಮರಳಿನ ಟಿಪ್ಪರ್‌ಗಳಿಂದಲೇ ರಸ್ತೆ ಹಾಳಾಗ್ತಿದೆ ಅಂತಾರೆ. ಅಷ್ಟು ದೊಡ್ಡ ವಿಷಯಾನಾ ಇದು?

ಉತ್ತರ: ದೊಡ್ಡ ವಿಷಯವೇ. ಲಾರಿಯ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಭಾರದ ನಾಲ್ಕನೇ ಘಾತದ ಲೆಕ್ಕದಲ್ಲಿ ಹಾನಿ ಏರುತ್ತದೆ ಅನ್ನೋದು ಪ್ರಪಂಚದಾದ್ಯಂತ ಇಂಜಿನಿಯರ್‌ಗಳು ಬಳಸುವ ಸೂತ್ರ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿಗೆ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ನೋಡೋಕೆ ಸಣ್ಣ ಏರಿಕೆ. ಆದರೆ ಅದೇ ಸೂತ್ರದಲ್ಲಿ ಹಾನಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅದರ ಮೇಲೆ ಓವರ್‌ಲೋಡ್ ಬೇರೆ. ಹಳ್ಳಿ ರಸ್ತೆಗಳ ಡಿಸೈನ್ ಟ್ರ್ಯಾಕ್ಟರು, ಬಸ್ಸು, ಕೆಲವೇ ಲಾರಿಗಳಿಗೆ. ಅವುಗಳ ಮೇಲೆ ದಿನವೂ ಟಿಪ್ಪರ್ ಸಾಲು ಹೋದರೆ ತಡೆಯುವುದಿಲ್ಲ. ಓವರ್‌ಲೋಡ್ ಹಿಡಿಯುವ ಕೆಲಸ ಆರ್‌ಟಿಒ ಮತ್ತು ಪೊಲೀಸರದ್ದು, ಇಂಜಿನಿಯರ್‌ಗೆ ಆ ಅಧಿಕಾರ ಇಲ್ಲ.

ಪ್ರಶ್ನೆ (ಊರು ಬೇಡ ಎಂದವರು): ತಗ್ಗು ಮುಚ್ಚಿಸಿ ಅಂತ ಒಂದು ಕಚೇರಿಗೆ ಹೋದೆ, ಇದು ನಮ್ಮದಲ್ಲ ಅಂದ್ರು. ಇನ್ನೊಂದು ಕಚೇರಿಗೆ ಹೋದೆ, ಅವರೂ ಅದೇ ಮಾತು. ಯಾರನ್ನ ಹಿಡ್ಕೋಬೇಕು ಸರ್?

ಉತ್ತರ: ಈ ಅಲೆದಾಟ ನೋಡಿ ನೋಡಿ ನನಗೂ ಬೇಜಾರು. ಜನ ಕೆಲಸ ಬಿಟ್ಟು ಬರುತ್ತಾರೆ, ಅವರಿಗೆ ಸರಿಯಾದ ಬಾಗಿಲು ತೋರಿಸುವುದು ಕಚೇರಿಯ ಕರ್ತವ್ಯ. ಸ್ಥೂಲವಾಗಿ ಹೀಗಿದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಹಳ್ಳಿಯಿಂದ ಹಳ್ಳಿಗೆ ಹೋಗುವ ಗ್ರಾಮೀಣ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಪಟ್ಟಣದ ಒಳ ರಸ್ತೆಗಳು ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಅಥವಾ ಪಾಲಿಕೆಯವು. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಹೋಗುವ 67, ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ ಮೇಲೆ ಹೋಗುವ 150ಎ ಇವೆಲ್ಲ ರಾಷ್ಟ್ರೀಯ ಹೆದ್ದಾರಿ. ಅದರಲ್ಲೂ ಕೆಲವು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿ, ಕೆಲವು ಲೋಕೋಪಯೋಗಿಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿ ಇರುತ್ತವೆ.

ಗೊಂದಲ ಜಾಸ್ತಿ ಆಗೋದು ಹೆದ್ದಾರಿ ಊರೊಳಗೆ ಹಾಯುವ ಕಡೆ. ಡಾಂಬರು ಹೆದ್ದಾರಿಯವರದ್ದು, ಪಕ್ಕದ ಚರಂಡಿ ತುಂಬಿಸುವ ಕಸ ಊರಿನದ್ದು, ಬೀದಿ ದೀಪ ಸ್ಥಳೀಯ ಸಂಸ್ಥೆಯದ್ದು. ಅಲ್ಲಿ ಒಬ್ಬರಿಗೆ ಮಾತ್ರ ಅರ್ಜಿ ಕೊಡಬೇಡಿ. ಒಂದೇ ಪತ್ರ ಎರಡೂ ಕಚೇರಿಗೆ ಬರೆದು, ಇನ್ನೊಂದು ಪ್ರತಿ ಜಿಲ್ಲಾಧಿಕಾರಿಗೆ ಕೊಡಿ. ಮೂರಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಫೋನಿನಲ್ಲಾದರೆ ರಾಜ್ಯ ಸರ್ಕಾರದ ಜನಸ್ಪಂದನ 1902, ರಾಷ್ಟ್ರೀಯ ಹೆದ್ದಾರಿಗೆ 1033. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕು. ರಸ್ತೆ ಶುರುವಾಗುವ ಜಾಗದ ಬೋರ್ಡಿನಲ್ಲಿ ವಿವರ ಇರುತ್ತದೆ. ಆ ರಸ್ತೆಗಳಿಗೆ "ಮೇರಿ ಸಡಕ್" ಆ್ಯಪ್‌ನಲ್ಲಿ ಫೋಟೊ ಹಾಕಿ ದೂರು ಕೊಡಬಹುದು.

ಪ್ರಶ್ನೆ (ಕಂಪ್ಲಿ): ಸರ್, ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತೆ. ನೀರು ಇಳಿದ ಮೇಲೂ ಬಿಡಲ್ಲ, ಪೊಲೀಸರು ನಿಲ್ಲಿಸ್ತಾರೆ. ಸೇತುವೆ ಕಾಣ್ತಾ ಇದ್ದರೂ ಯಾಕೆ ಕಾಯಿಸ್ತಾರೆ?

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ. ಆಸ್ಪತ್ರೆ, ಸಂತೆ, ಕಾಲೇಜು ಎಲ್ಲ ಆಚೆ ದಡದಲ್ಲಿ, ಸುತ್ತಿ ಹೋಗಬೇಕು. ಆದರೂ ಆ ಕಾಯುವಿಕೆ ಬೇಕು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನೆರೆ ಇಳಿದ ಮೇಲೆ ಇಂಜಿನಿಯರ್ ಮೊದಲು ನೋಡುವುದು ಸೇತುವೆಯನ್ನಲ್ಲ, ಸೇತುವೆ ರಸ್ತೆಗೆ ಸೇರುವ ಜಾಗವನ್ನ. ಕಾಂಕ್ರೀಟಿನ ಹಿಂದೆ ಇರುವುದು ತುಂಬಿದ ಮಣ್ಣು. ನೀರು ಮೊದಲು ಕೊರೆಯುವುದು ಅದನ್ನೇ. ಮೇಲೆ ಡಾಂಬರು ಹಾಗೇ ಇರುತ್ತದೆ, ಕೆಳಗೆ ಪೊಳ್ಳು. ಹಾರೆ ತಗೊಂಡು ಗಜಕ್ಕೊಂದು ಕಡೆ ಕುಟ್ಟುತ್ತಾ ಹೋಗುತ್ತೇವೆ. ಗಟ್ಟಿ ನೆಲ ಆದರೆ ಹಾರೆ ಪುಟಿಯುತ್ತದೆ. ಪೊಳ್ಳಾದರೆ ಡಬ್ ಅಂತ ಬೇರೆ ಸದ್ದು. ಅಂಥ ಜಾಗದ ಮೇಲೆ ತುಂಬಿದ ಬಸ್ಸು ಬಂದರೆ ಏನಾಗುತ್ತದೆ ಯೋಚಿಸಿ.

ಆಮೇಲೆ ಕಂಬಗಳ ಬುಡ. ಹರಿವು ಜೋರಿದ್ದಾಗ ಕಂಬದ ಸುತ್ತ ನೀರು ಸುಳಿ ತಿರುಗಿ ಮರಳು ಎತ್ತಿಕೊಂಡು ಹೋಗುತ್ತದೆ. ಎಷ್ಟು ಆಳ ಕೊರೆದಿದೆ ಅಂತ ಮೇಲಿನಿಂದ ಕಾಣುವುದಿಲ್ಲ. ತೂಕ ಕಟ್ಟಿದ ಹಗ್ಗ ಇಳಿಸಿ ಅಳೆಯಬೇಕು. ನೀರು ಇನ್ನೂ ರಭಸವಾಗಿದ್ದರೆ ಅದೂ ಆಗುವುದಿಲ್ಲ. ಅದಕ್ಕೇ ಒಂದೆರಡು ದಿನ ತಡ. ಕಂಬಗಳಿಗೆ ಸಿಕ್ಕಿಕೊಂಡ ಮರದ ದಿಮ್ಮಿ, ಜೊಂಡು ತೆಗೆಯಬೇಕು. ಸ್ಲ್ಯಾಬ್ ಜರುಗಿದೆಯಾ, ಸ್ಲ್ಯಾಬ್ ಕೂತಿರುವ ಬೇರಿಂಗ್ ಸರಿ ಇದೆಯಾ, ರೇಲಿಂಗ್ ಎಲ್ಲೆಲ್ಲಿ ಹೋಗಿದೆ ಅಂತ ನೋಡಬೇಕು. ಆಮೇಲೆ ಸಣ್ಣ ವಾಹನ, ಅದಾದ ಮೇಲೆ ಬಸ್ಸು, ಲಾರಿ.

ನೀರು ಮೇಲೆ ಹರಿಯುತ್ತಿರುವಾಗ ಮೊಣಕಾಲಷ್ಟೇ ಇದೆ ಅಂತ ಬೈಕ್ ಇಳಿಸಬೇಡಿ. ಮೊಣಕಾಲು ಬೇಡ, ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನೂ ಪಕ್ಕಕ್ಕೆ ತಳ್ಳುತ್ತದೆ.

ಇನ್ನೊಂದು, ಇದು ಸಣ್ಣ ಸೇತುವೆಗಳಿಗೆ ಜಾಸ್ತಿ ಅನ್ವಯ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸೇತುವೆ ನೋಡಬೇಕು ಅನ್ನುವುದು ಹಳೆಯ ಪದ್ಧತಿ. ದೊಡ್ಡ ಸೇತುವೆಗೆ ಇದು ನಡೆಯುತ್ತದೆ, ಹಳ್ಳದ ಸಣ್ಣ ಸೇತುವೆ, ಮೋರಿಗಳು ತಪ್ಪಿ ಹೋಗುತ್ತವೆ. ನಿಮ್ಮೂರ ಹಳ್ಳದ ಸೇತುವೆಯ ಮೇಲೆ ನಿಂತ ನೀರು ಹೊರಹೋಗಲು ಪಕ್ಕದಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿಕೊಂಡಿದ್ದರೆ ನೀರು ಕಾಂಕ್ರೀಟಿಗೆ ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆ ತೂತು ಬಿಡಿಸಲು ಒಂದು ಸಲಾಕೆ, ಅರ್ಧ ಗಂಟೆ ಸಾಕು.

ಪ್ರಶ್ನೆ (ರಾಯಚೂರು): ಶಾಲೆ ಮುಂದೆ ಹಂಪ್ ಹಾಕಿಸಿ ಅಂದರೆ ಹಾಕಲ್ಲ ಅಂತಾರೆ. ಬೇರೆ ಕಡೆ ಮಾತ್ರ ಮನೆಗೊಂದು ಹಂಪ್ ಇವೆ. ಸಿಗ್ನಲ್ ಇದ್ದರೂ ನಡೆಯಲ್ಲ. ಇದನ್ನೆಲ್ಲ ಯಾರು ತೀರ್ಮಾನ ಮಾಡ್ತಾರೆ?

ಉತ್ತರ: ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅಂತ ಒಂದಿದೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಎಸ್‌ಪಿ, ಲೋಕೋಪಯೋಗಿ, ಆರ್‌ಟಿಒ ಎಲ್ಲ ಅದರಲ್ಲಿ ಇರುತ್ತಾರೆ. ಮುಖ್ಯೋಪಾಧ್ಯಾಯರ ಸಹಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಠರಾವು ಸೇರಿಸಿ ಅಲ್ಲಿಗೆ ಅರ್ಜಿ ಹಾಕಿ, ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಲು ಕೇಳಿ. ಸರಿಯಾದ ಹಂಪ್ ಅಂದರೆ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲೆ ಬಿಳಿ ಪಟ್ಟಿ, ಮುಂಚೆಯೇ ಎಚ್ಚರಿಕೆ ಫಲಕ. ಜನ ತಾವೇ ಹಾಕಿಕೊಳ್ಳುವ ಚೂಪು ದಿಬ್ಬಗಳಿಂದ ಬೈಕಿನ ಹಿಂದೆ ಕೂತ ಹೆಣ್ಣುಮಕ್ಕಳು ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆ. ಇದು ನನಗೆ ತುಂಬಾ ನೋವಿನ ವಿಷಯ. ರಾಷ್ಟ್ರೀಯ ಹೆದ್ದಾರಿಯಾದರೆ ಹಂಪ್ ಹಾಕುವ ಹಾಗಿಲ್ಲ, ಸಣ್ಣ ಉಬ್ಬು ಪಟ್ಟಿಗಳನ್ನು ಕೇಳಬಹುದು.

ಸಿಗ್ನಲ್ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆ ಹಾಕಿಸುತ್ತದೆ, ಸಂಚಾರ ಪೊಲೀಸರು ನಡೆಸುತ್ತಾರೆ. ಕೆಟ್ಟಾಗ ಇವರಿಬ್ಬರ ನಡುವೆ ಕಡತ ನಿಲ್ಲುತ್ತದೆ. ಸಿಗ್ನಲ್ ಹಾಕುವಾಗಲೇ ನಿರ್ವಹಣೆಯ ಕರಾರು ಮಾಡಿಸಿ ಅಂತ ನಿಮ್ಮ ವಾರ್ಡಿನ ಸದಸ್ಯರಿಗೆ ಒತ್ತಾಯ ಮಾಡಿ.

ಪ್ರಶ್ನೆ (ಬಳ್ಳಾರಿ): ಹೊಸ ಸಿಸಿ ರಸ್ತೆ ಮಾಡಿದ ಕೆಲವೇ ದಿನಕ್ಕೆ ಪೈಪ್‌ಲೈನ್ ಅಂತ ಅಗೆದರು. ಮುಚ್ಚಿದ ಜಾಗ ಮತ್ತೆ ಕುಸಿಯಿತು. ಗಣಿ ದುಡ್ಡು ಇಷ್ಟಿದ್ದರೂ ಹೀಗೇಕೆ?

ಉತ್ತರ: ಅಗೆಯುವವರು ಮೊದಲು ಅನುಮತಿ ತಗೊಂಡು, ರಸ್ತೆ ಸರಿಪಡಿಸುವ ಖರ್ಚಿನ ದುಡ್ಡು ಕಟ್ಟಬೇಕು. ಆ ದುಡ್ಡು ಕಟ್ಟಿದ್ದಾರಾ ಅಂತ ಕೇಳಿ. ಕುಸಿಯಲು ಕಾರಣ ಸರಳ. ಅಗೆದ ಎರೆ ಮಣ್ಣನ್ನೇ ಒಂದೇ ಸಲ ಗುಂಡಿಗೆ ತಳ್ಳಿ ಮೇಲೆ ಕಾಂಕ್ರೀಟು ಸುರಿಯುತ್ತಾರೆ. ಮರಳು ಅಥವಾ ಗರಸು ಹಾಕಿ, ಗೇಣುದ್ದಕ್ಕಿಂತ ಕಡಿಮೆ ಪದರವಾಗಿ ಕುಟ್ಟುತ್ತಾ ಬಂದರೆ ಕುಸಿಯುವುದಿಲ್ಲ.

ದುಡ್ಡಿನ ಮಾತು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ನಿಧಿ ಬಂದಿದೆ. ಆದರೆ ಅದರ ದೊಡ್ಡ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಇಂಥ ಆದ್ಯತೆಗಳಿಗೆ ಮೀಸಲು, ರಸ್ತೆ ಉಳಿದ ಪಾಲಿನಲ್ಲಿ ಬರುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದಲೂ ರಸ್ತೆಗೆ ಅನುದಾನ ಸಿಗುತ್ತದೆ. ಇವೆಲ್ಲ ಹೆಚ್ಚಾಗಿ ಹೊಸ ಕಾಮಗಾರಿಗೆ. ತಗ್ಗು ಮುಚ್ಚಲು, ಚರಂಡಿ ಹೂಳು ತೆಗೆಯಲು ಬೇಕಾದ ದುಡ್ಡು ಸ್ಥಳೀಯ ಸಂಸ್ಥೆಯ ಸ್ವಂತ ಆದಾಯದಿಂದಲೇ ಬರಬೇಕಾಗುತ್ತದೆ, ಅಂದರೆ ಆಸ್ತಿ ತೆರಿಗೆಯಿಂದ. ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ ನಿರ್ವಹಣೆಗೆ ಎಷ್ಟು ಇಟ್ಟಿದ್ದೀರಿ ಅಂತ ಕೇಳಿ. ಆ ಸಭೆಗೆ ಬರುವ ಜನ ಬಹಳ ಕಡಿಮೆ.

ಪ್ರಶ್ನೆ (ಕುಷ್ಟಗಿ): ಸರ್, ಕೊನೆಗೆ ಮಾಹಿತಿ ಹಕ್ಕಿನಲ್ಲಿ ಏನು ಕೇಳಿದರೆ ಪ್ರಯೋಜನ?

ಉತ್ತರ: ಒಳ್ಳೆ ಪ್ರಶ್ನೆ ತಮ್ಮ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ. "ರಸ್ತೆ ಯಾಕೆ ಹಾಳಾಯಿತು" ಅಂತ ಬರೆದರೆ ಉತ್ತರ ಬರುವುದಿಲ್ಲ. ಕಾಮಗಾರಿಯ ಹೆಸರು ಸರಿಯಾಗಿ ಬರೆದು ಎಸ್ಟಿಮೇಟ್, ಗುತ್ತಿಗೆ ಕರಾರು, ಅಳತೆ ಪುಸ್ತಕ ಅಂದರೆ ಎಂ.ಬಿ., ಗುಣಮಟ್ಟ ಪರೀಕ್ಷೆಯ ವರದಿ ಇವುಗಳ ಪ್ರತಿ ಕೇಳಿ. ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟು ವರ್ಷ ಅಂತ ಇರುತ್ತದೆ. ಅದು ಮುಗಿಯುವ ಮುಂಚೆ ದೂರು ಕೊಟ್ಟರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿ ಮಾಡಬೇಕು, ಇಲ್ಲದಿದ್ದರೆ ಅವನ ಠೇವಣಿಯಿಂದ ಹಿಡಿಯಬೇಕು. ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕೂ 2005ರ ಕಾಯ್ದೆಯಲ್ಲೇ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ತಗ್ಗು ಮುಚ್ಚುವ ದಿನ ಅಲ್ಲೇ ನಿಂತು ನೋಡಿ. ತಗ್ಗನ್ನು ಚೌಕವಾಗಿ, ಗೋಡೆ ನೇರ ಇರುವ ಹಾಗೆ ಕತ್ತರಿಸಬೇಕು. ನೀರು, ದೂಳು ತೆಗೆದು ತೆಳುವಾಗಿ ಡಾಂಬರು ಬಳಿಯಬೇಕು. ಬಿಸಿ ಮಿಶ್ರಣ ಹರಡುವಾಗ 140 ಡಿಗ್ರಿ ಇರಬೇಕು, 90ಕ್ಕೆ ಇಳಿಯುವ ಮುಂಚೆ ರೋಲರ್ ಮುಗಿಯಬೇಕು. ಟಿಪ್ಪರ್‌ನಿಂದ ಇಳಿಸುವಾಗ ಹೊಗೆಯೇ ಇಲ್ಲದೆ ಗಡ್ಡೆಗಟ್ಟಿದ್ದರೆ ಅದು ಆರಿದ ಮಾಲು. ಅಲ್ಲೇ ಫೋಟೊ ತೆಗೆದು, ಸೈಟಿನಲ್ಲಿರುವ ಕಿರಿಯ ಇಂಜಿನಿಯರ್ (ಜೆಇ) ಅವರಿಗೆ ಗೌರವದಿಂದಲೇ ತೋರಿಸಿ, ವಾಪಸ್ ಕಳಿಸಲು ಕೇಳಿ.