ಪಾರದರ್ಶಕ ಗಾಜಿನೊಳಗೆ ಫೆಮ್ಟೊಸೆಕೆಂಡ್ ಲೇಸರ್ ಗುರುತು ಮೂಡಿಸುವುದು ಹೇಗೆ?

ಪ್ರಶ್ನೆ:
800 ನ್ಯಾನೊಮೀಟರ್ ತರಂಗಾಂತರದ ಬೆಳಕು ಶುದ್ಧ ಸಿಲಿಕಾ ಗಾಜಿನಲ್ಲಿ ತಡೆಯಿಲ್ಲದೆ ಹಾದುಹೋಗುತ್ತದೆ. ಆದರೆ ಅದೇ ತರಂಗಾಂತರದ ಫೆಮ್ಟೊಸೆಕೆಂಡ್ ಪಲ್ಸ್‌ಗಳನ್ನು (ಸೆಕೆಂಡಿನ ಅತ್ಯಲ್ಪ ಭಾಗದಷ್ಟೇ ಇರುವ ಬೆಳಕಿನ ಮಿಡಿತಗಳನ್ನು) ಮಸೂರದ ಮೂಲಕ ಗಾಜಿನ ಒಳಗೆ ಕೇಂದ್ರೀಕರಿಸಿದಾಗ, ಮೇಲ್ಮೈಗೆ ಏನೂ ಆಗದೆ ಒಳಗೆ ಮಾತ್ರ ಗೆರೆ ಮೂಡುತ್ತದೆ. ಗಾಜು ಹೀರಿಕೊಳ್ಳದ ಬೆಳಕು ಗಾಜನ್ನೇ ಬದಲಿಸುವುದು ಹೇಗೆಂದು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಸಿಲಿಕಾದಲ್ಲಿ ಬಂಧಿತ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 9 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 800 ನ್ಯಾನೊಮೀಟರ್‌ನ ಒಂದು ಫೋಟಾನ್‌ನಲ್ಲಿ, ಅಂದರೆ ಬೆಳಕಿನ ಒಂದು ಕಣದಲ್ಲಿ, ಇರುವುದು 1.55 ಮಾತ್ರ. ಆದ್ದರಿಂದ ಆರು ಫೋಟಾನ್‌ಗಳು ಒಟ್ಟಿಗೇ ಹೀರಲ್ಪಡಬೇಕು. ಇದರ ಸಾಧ್ಯತೆ ತೀವ್ರತೆಯ ಆರನೇ ಘಾತಕ್ಕೆ ಅನುಗುಣವಾಗಿರುವುದರಿಂದ, ತೀವ್ರತೆ ಅರ್ಧಕ್ಕಿಳಿದರೆ ಸಾಧ್ಯತೆ 64 ಪಟ್ಟು ಕುಸಿಯುತ್ತದೆ. ಬೆಳಕು ಇನ್ನೂ ಹರಡಿಕೊಂಡಿರುವ ಮೇಲ್ಮೈ ಉಳಿಯುವುದೂ, ಬೆಳಕು ಕೇಂದ್ರೀಕೃತವಾಗುವ ನಾಭಿಯಲ್ಲಿ ಮಾತ್ರ ಗಾಜು ಬದಲಾಗುವುದೂ ಇದೇ ಕಾರಣಕ್ಕೆ. ಹೀಗೆ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಬೆಳಕಿನಿಂದ ಮತ್ತಷ್ಟು ಶಕ್ತಿ ಪಡೆದು, ಡಿಕ್ಕಿಯಿಂದ ಬೇರೆ ಎಲೆಕ್ಟ್ರಾನ್‌ಗಳನ್ನೂ ಬಿಡಿಸುತ್ತವೆ.

ಉತ್ತರ 2:
ಮೇಲಿನ ವಿವರಣೆಗೆ ಕಾಲದ ಅಂಶವನ್ನೂ ಸೇರಿಸಬೇಕು. ಎಲೆಕ್ಟ್ರಾನ್‌ಗಳ ಶಕ್ತಿ ಗಾಜಿನ ಪರಮಾಣುಗಳಿಗೆ ದಾಟಲು ಕೆಲವು ಪಿಕೊಸೆಕೆಂಡ್‌ಗಳು (ಒಂದು ಪಿಕೊಸೆಕೆಂಡ್ ಎಂದರೆ ಸಾವಿರ ಫೆಮ್ಟೊಸೆಕೆಂಡ್) ಬೇಕು. ಅಷ್ಟರಲ್ಲಿ 100 ಫೆಮ್ಟೊಸೆಕೆಂಡ್‌ನ ಪಲ್ಸ್ ಮುಗಿದೇ ಹೋಗಿರುತ್ತದೆ. ಹತ್ತು ಲಕ್ಷ ಫೆಮ್ಟೊಸೆಕೆಂಡ್‌ಗಳಷ್ಟು ಉದ್ದದ ನ್ಯಾನೊಸೆಕೆಂಡ್ ಪಲ್ಸ್ ಹಾಗಲ್ಲ: ಅದು ಇನ್ನೂ ಬೀಳುತ್ತಿರುವಾಗಲೇ ಶಾಖ ಪರಮಾಣುಗಳಿಗೆ ದಾಟಿ ಸುತ್ತಲೂ ಹರಡುತ್ತದೆ, ಗಾಜು ಬಿರುಕು ಬಿಡುತ್ತದೆ. ಅಲ್ಲಿ ಮೊದಲ ಎಲೆಕ್ಟ್ರಾನ್‌ಗಳು ಹೆಚ್ಚಾಗಿ ಕಲ್ಮಶಗಳಿಂದ ಬರಬೇಕಾಗಿರುವುದರಿಂದ, ಹಾನಿ ಶುರುವಾಗುವ ಮಿತಿಯೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಫೆಮ್ಟೊಸೆಕೆಂಡ್ ಪಲ್ಸ್ ತನಗೆ ಬೇಕಾದ ಎಲೆಕ್ಟ್ರಾನ್‌ಗಳನ್ನು ತಾನೇ ಬಿಡಿಸಿಕೊಳ್ಳುವುದರಿಂದ ಅದರ ಮಿತಿ ಬಹುಮಟ್ಟಿಗೆ ನಿಶ್ಚಿತ. ನನ್ನ ದೃಷ್ಟಿಯಲ್ಲಿ ಈ ತಂತ್ರದ ನಿಜವಾದ ಬಲ ಇಲ್ಲಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಶಕ್ತಿಯನ್ನು ಸ್ವಲ್ಪ ಏರಿಸಿದಾಗ ಗೆರೆಯ ಸ್ವರೂಪವೇ ಬದಲಾಗುವುದೇಕೆ?

ಉತ್ತರ 3:
ಎಲ್ಲವನ್ನೂ ‘ಹಾನಿ’ ಎಂದು ಕರೆಯುವ ರೂಢಿಯೇ ಗೊಂದಲಕ್ಕೆ ಎಡೆಮಾಡುತ್ತದೆ. ಕಡಿಮೆ ಶಕ್ತಿಯಲ್ಲಿ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸಾವಿರದಲ್ಲೊಂದು ಪಾಲಿನಷ್ಟು ನಯವಾಗಿ ಏರುತ್ತದೆ. ಬೆಳಕನ್ನು ಒಯ್ಯುವ ದಾರಿಗಳನ್ನು ಗಾಜಿನೊಳಗೆ ಹೀಗೆ ಬರೆಯಬಹುದೆಂದು 1996ರಲ್ಲಿ ತೋರಿಸಲಾಯಿತು. ಅತಿ ಹೆಚ್ಚಿನ ಶಕ್ತಿಯಲ್ಲಿ ಸೂಕ್ಷ್ಮ ಸ್ಫೋಟವಾಗಿ ಪೊಳ್ಳು ಉಳಿಯುತ್ತದೆ. ಇವೆರಡರ ನಡುವಿನ ಹಂತವೇ ವಿಸ್ಮಯಕಾರಿ: ಬೆಳಕಿನ ಧ್ರುವೀಕರಣಕ್ಕೆ, ಅಂದರೆ ಅದು ಕಂಪಿಸುವ ದಿಕ್ಕಿಗೆ, ಲಂಬವಾಗಿ, ತರಂಗಾಂತರಕ್ಕಿಂತಲೂ ಕಿರಿದಾದ ಅಂತರದಲ್ಲಿ, ಪದರಗಳು ತಾವಾಗಿಯೇ ಸಾಲುಗಟ್ಟುತ್ತವೆ. ಪರಸ್ಪರ ಅಡ್ಡವಾಗಿಟ್ಟ ಎರಡು ಪೊಲರೈಸರ್‌ಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್‌ಗಳ) ನಡುವೆ ಆ ಗಾಜಿನ ತುಂಡನ್ನಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ನಿಧಾನವಾಗಿ ತಿರುಗಿಸಿ. ಕಪ್ಪು ಹಿನ್ನೆಲೆಯಲ್ಲಿ ಗೆರೆಗಳು ಬೆಳಗಿ, 45 ಡಿಗ್ರಿ ತಿರುಗಿದೊಡನೆ ಮಾಯವಾಗಿ, ಮತ್ತೆ ಬೆಳಗುತ್ತವೆ. ನಿಮ್ಮ ಗೆರೆ ಹೀಗೆ ವರ್ತಿಸಿದರೆ ಅದು ಈ ನಡುವಿನ ಹಂತದ್ದಿರಬಹುದು. ಗಾಜಿನಲ್ಲಿ ಉಳಿದಿರುವ ಒತ್ತಡವೂ ಸ್ವಲ್ಪ ಹೊಳಪು ಕೊಡುವುದರಿಂದ, ಬರೆಯುವಾಗಿನ ಧ್ರುವೀಕರಣವನ್ನು ತಿರುಗಿಸಿ ಇನ್ನೊಂದು ಗೆರೆ ಎಳೆದು, ಅದು ಮಾಯವಾಗುವ ಕೋನವೂ ಜೊತೆಗೇ ತಿರುಗಿತೇ ಎಂದು ಪರೀಕ್ಷಿಸಿಕೊಳ್ಳಿ.