ಬೆಳಕಿನ ಚಿಕಿತ್ಸೆ ಯಾರಾದರೂ ಮಾಡಿಸಿದ್ದೀರಾ?

ದಾವಣಗೆರೆಯಿಂದ ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಅನ್ನನಾಳದ ಕ್ಯಾನ್ಸರ್. ಗಂಜಿ ಇಳಿಯುವುದೂ ಕಷ್ಟವಾಗಿದೆ. ಚಿನ್ನದ ನ್ಯಾನೋ ಕಣ ಒಳಗೆ ಬಿಟ್ಟು, ಬೆಳಕು ಹಾಯಿಸಿ ಗಡ್ಡೆ ಸುಡುತ್ತಾರೆ ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಬಂತು. ಅನುಭವ ಇದ್ದವರು ಹೇಳಿ.

ಹ್ಯೂಸ್ಟನ್‌ನಿಂದ: ಆ ಕಣ ಹುಟ್ಟಿದ್ದು ಇದೇ ಊರಲ್ಲಿ, ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಸ್ ಮತ್ತು ಜೆನ್ನಿಫರ್ ವೆಸ್ಟ್ ಅವರ ಕೆಲಸದಿಂದ. ಸಿಲಿಕಾದ (ಗಾಜಿನಂಥ ವಸ್ತು) ಪುಟ್ಟ ಉಂಡೆಗೆ ಚಿನ್ನದ ಗಿಲೀಟು ಅಂದುಕೊಳ್ಳಿ. ಗಡ್ಡೆಯ ರಕ್ತನಾಳ ಸೋರುತ್ತಿರುತ್ತದಲ್ಲ, ಅಲ್ಲಿಂದ ಒಳಗೆ ಸೇರುತ್ತವೆ. ಲೇಸರ್ ಬಿದ್ದರೆ ಕಾದು ಸುತ್ತಲಿನ ಜೀವಕೋಶಗಳನ್ನು ಬೇಯಿಸುತ್ತವೆ. ಆದರೆ 2019ರಲ್ಲಿ ಪ್ರಕಟವಾಗಿದ್ದು 16 ಜನರ ಟ್ರಯಲ್, ಅದೂ ಪ್ರಾಸ್ಟೇಟ್‌ಗೆ. ಅನ್ನನಾಳಕ್ಕೆ ಅದನ್ನು ನಂಬಿ ಕೂರಬೇಡಿ.

ನ್ಯೂಜೆರ್ಸಿಯಿಂದ: ನಮ್ಮ ಅಮ್ಮನಿಗೆ ಇಲ್ಲಿ ಮಾಡಿಸಿದ್ದು ಅದರ ಹಳೆಯ ಅಣ್ಣ, ಫೋಟೋಡೈನಮಿಕ್ ಥೆರಪಿ. ನ್ಯಾನೋ ಕಣ ಅಲ್ಲ, ಬೆಳಕು ಬಿದ್ದರೆ ಕೆಲಸ ಮಾಡುವ ಫೋಟೋಫ್ರಿನ್ ಅನ್ನುವ ಔಷಧಿ. ಅಮೆರಿಕದಲ್ಲಿ ಅನ್ನನಾಳಕ್ಕೆ 1995ರಲ್ಲೇ ಒಪ್ಪಿಗೆ ಸಿಕ್ಕಿದೆ. ಇಂಜೆಕ್ಷನ್ ಕೊಟ್ಟು ಎರಡು ದಿನ ಬಿಟ್ಟು ಎಂಡೋಸ್ಕೋಪಿಯಲ್ಲಿ ಕೆಂಪು ಲೇಸರ್ ಬೆಳಕು ಹಾಯಿಸಿದರು. ರೋಗ ಹೋಗಲಿಲ್ಲ, ದಾರಿ ಬಿಟ್ಟುಕೊಂಡಿತು. ಮೊದಲ ವಾರ ಊತ, ಎದೆನೋವು, ನುಂಗುವುದು ಇನ್ನೂ ಕಷ್ಟ. ಆಮೇಲೆ ಮೆತ್ತಗಿನ ಅನ್ನ ಸಾರು ಇಳಿಯಿತು. ನಮಗೆ ಅಷ್ಟೇ ಬೇಕಿತ್ತು.

ಕಷ್ಟ ಅಂದರೆ ಬಿಸಿಲು. ಕನಿಷ್ಠ 30 ದಿನ ಮೈಗೆ ಬಿಸಿಲು ಬೀಳಬಾರದು. ಸನ್‌ಸ್ಕ್ರೀನ್ ಪ್ರಯೋಜನ ಇಲ್ಲ, ಯಾಕೆಂದರೆ ಕಣ್ಣಿಗೆ ಕಾಣುವ ಬೆಳಕೇ ಔಷಧಿಯನ್ನು ಕೆರಳಿಸುತ್ತದೆ. ಇಂಜೆಕ್ಷನ್ ದಿನ ಗ್ಲೌಸ್ ಮರೆತು ಹೋಗಿದ್ದೆ, ತಪ್ಪು ನನ್ನದೇ. ಕಾರಿನವರೆಗೆ ನಡೆದದ್ದಕ್ಕೇ ಅಮ್ಮನ ಅಂಗೈ ಹಿಂಭಾಗ ಕೆಂಪಗೆ ಊದಿಕೊಂಡಿತು. ಹೆದರಿ ಮನೆಯನ್ನೇ ಕತ್ತಲು ಮಾಡಿದೆ. ಅದಕ್ಕೂ ನರ್ಸ್ ಬೈದರು! ಮನೆಯೊಳಗಿನ ಸಾಧಾರಣ ಬೆಳಕಿನಲ್ಲೇ ಚರ್ಮದಲ್ಲಿರುವ ಔಷಧಿ ನಿಧಾನಕ್ಕೆ ಸವೆಯುವುದಂತೆ.

ತಿಂಗಳಾದ ಮೇಲೆ ಒಂದು ಪರೀಕ್ಷೆ. ಕಾಗದದ ಚೀಲಕ್ಕೆ ಎರಡಿಂಚು ತೂತು ಮಾಡಿ, ಕೈಗೆ ಹಾಕಿ, 10 ನಿಮಿಷ ಬಿಸಿಲಿಗೆ ಹಿಡಿಯುವುದು. 24 ಗಂಟೆಯಲ್ಲಿ ಕೆಂಪು, ಊತ, ಗುಳ್ಳೆ ಬಂದರೆ ಇನ್ನೆರಡು ವಾರ ಒಳಗೇ. ಅಮ್ಮನಿಗೆ ಎರಡನೇ ಸಲಕ್ಕೆ ಪಾಸ್ ಆಯಿತು. ಅವತ್ತು ಸಂಜೆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದರು.

ಬೆಂಗಳೂರಿನಿಂದ: ನಮ್ಮಪ್ಪನಿಗೆ ಅನ್ನನಾಳ ತೆರೆದಿಡುವ ಕೊಳವೆ, ಅಂದರೆ ಸ್ಟೆಂಟ್ ಹಾಕಿಸಿದೆವು, ಅದರಲ್ಲೇ ಗಂಜಿ ಇಳಿಯಿತು. ಮೊದಲು ಅದನ್ನೇ ಕೇಳಿ. ಬೆಳಕಿನ ಚಿಕಿತ್ಸೆ ಮಾತು ಬಂದರೆ ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತಾಗಿದೆಯಾ ಅಂತ ಖಂಡಿತ ಕೇಳಿ. ಆಗಿದ್ದರೆ ಅದನ್ನು ಮಾಡುವಂತಿಲ್ಲ. ಕೀಮೋ ನಡೀತಿದ್ದರೆ ವಿಡಿಯೋ ನೋಡಿ ನಿಲ್ಲಿಸಬೇಡಿ ಮೇಡಂ.